ಪದ ಪರಿಚಯ: ಛಾಯೆ

ಛಾಯೆ (ನಾ.) ನೆರಳು, ಕಾಂತಿ, ಹೋಲಿಕೆ.

ಹೊತ್ತು ಮುಳುಗುವಾಗ ಗೋಕಾಕ ಫಾಲ್ಸಿನ ತೂಗುಸೇತುವೆಯೋ ಹುಕ್ಕೇರಿಯ ಗುಮ್ಮಟವೋ ಮೂಡಲಗಿಯ ಕಬ್ಬಿನ ಹೊಲದಲ್ಲಿ ನಿಂತ ರೈತನೋ ಬೆಳಕಿಗೆದುರಾಗಿ ಕಪ್ಪಗೆ ಮೂಡಿದ ಫೋಟೋವನ್ನು ‘ನೆರಳು ಚಿತ್ರ’ ಎಂದುಬಿಡುವುದು ಸುಲಭ. ಆದರೆ ನೆರಳು ನೆಲದ ಮೇಲೆ ಬೀಳುವಂಥದ್ದು. ಇಲ್ಲಿ ಕಪ್ಪಾಗಿರುವುದು ವಸ್ತುವೇ. ಹಳಗನ್ನಡದ ‘ನೆೞಲ್’, ತಮಿಳಿನ ‘ನಿೞಲ್’, ತೆಲುಗಿನ ‘ನೀಡ’ ಒಂದೇ ಬಳಗದವು. ಸಂಸ್ಕೃತದಿಂದ ಬಂದ ‘ಛಾಯೆ’ಗೆ ಪಾರಸಿಯ ‘ಸಾಯಾ’, ಗ್ರೀಕಿನ ‘ಸ್ಕಿಯಾ’ ನಂಟು. ನೆರಳು, ಕಾಂತಿ ಎರಡೂ ಅದರ ಅರ್ಥದೊಳಗಿವೆ.

ಕ್ಯಾಮೆರಾ ಮಾಡುವುದೂ ಕಪ್ಪು, ಕಾಂತಿಗಳನ್ನು ಒಟ್ಟಿಗೆ ಹಿಡಿಯುವುದನ್ನೇ. ಐಎಸ್‌ಒ 100, ಎಫ್/8 ಇಟ್ಟು, ಫ್ಲ್ಯಾಶ್ ಆರಿಸಿ, ಸೂರ್ಯನ ಪಕ್ಕದ ಆಕಾಶವನ್ನು ಸ್ಪಾಟ್ ಮೀಟರಿಂಗ್‌ನಲ್ಲಿ ಅಳೆದು ಎಕ್ಸ್‌ಪೋಶರ್ ಲಾಕ್ ಮಾಡಿದರೆ ಆಕಾಶದ ಬಣ್ಣ ಉಳಿದು ಎದುರಿನ ವಸ್ತು ಕಪ್ಪಾಗುತ್ತದೆ. ಸಾಲದಿದ್ದರೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಬಹುದು. ಇಂಥ ಫೋಟೋವನ್ನು ‘ಛಾಯಾಚಿತ್ರ’ವೆಂದರೆ ಎಲ್ಲ ಫೋಟೋವೂ ಆಯಿತಲ್ಲ ಎಂಬ ಆಕ್ಷೇಪ ನ್ಯಾಯವೇ, ಅದಕ್ಕೇ ‘ಛಾಯಾಕೃತಿ’ ಮೇಲು. ಇಂಗ್ಲಿಷಿನ ‘ಸಿಲೂಯೆಟ್’ ಸಾಕೆನ್ನುವವರೂ ಇದ್ದಾರೆ. ಅದು 1759ರಲ್ಲಿ ಫ್ರಾನ್ಸಿನ ಹಣಕಾಸು ನೋಡಿಕೊಂಡ ಎತಿಯೆನ್ ದ ಸಿಲೂಯೆತ್ ಹೆಸರು. ಬೆಳಕು-ಕತ್ತಲೆಯ ಸುಳಿವೇ ಅದರಲ್ಲಿಲ್ಲ. ‘ಛಾಯಾಕೃತಿ’ಯಾದರೆ ಕೇಳಿದ ಕೂಡಲೇ ಅರ್ಥವಾಗುತ್ತದೆ.