ಸ್ಯಾಂಡ್‌ಪ್ಲೇ ಥೆರಪಿ ಎಂದರೇನು? ಮುಂಬೈ ಪಾಲಕರು ತಿಳಿದಿರಬೇಕಾದ ಮಾಹಿತಿ

ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮುಂಬೈ ಮತ್ತು ಉಪನಗರಗಳ ಅನೇಕ ಕನ್ನಡಿಗರ ಮಕ್ಕಳು ಬೆಳೆಯುವುದು ಹೀಗೆ. ಇಂಥ ಮಗು ಇದ್ದಕ್ಕಿದ್ದಂತೆ ಮಂಕಾದರೆ, ರಾತ್ರಿ ಬೆಚ್ಚಿಬೀಳತೊಡಗಿದರೆ, 'ಏನಾಯ್ತು ಹೇಳು' ಎಂದು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಸಿಗುವುದು ಕಷ್ಟ. ಭಯವನ್ನು ಮಾತಿನಲ್ಲಿ ಜೋಡಿಸಿ ಹೇಳುವ ವಯಸ್ಸು ಅದಲ್ಲ. ಮಾತಿಲ್ಲದೆಯೂ ಹೇಳಿಕೊಳ್ಳಲು ದಾರಿ ಮಾಡಿಕೊಡುವ ವಿಧಾನಗಳಲ್ಲಿ ಸ್ಯಾಂಡ್‌ಪ್ಲೇ ಥೆರಪಿ, ಅಂದರೆ ಮರಳಿನಾಟದ ಚಿಕಿತ್ಸೆಯೂ ಒಂದು.

ಸುಮಾರು 72 ಸೆಂ.ಮೀ. ಉದ್ದ, 57 ಸೆಂ.ಮೀ. ಅಗಲ, 7 ಸೆಂ.ಮೀ. ಆಳದ ಮರದ ಟ್ರೇ, ಅದರಲ್ಲಿ ಮರಳು. ಟ್ರೇಯ ಒಳಭಾಗಕ್ಕೆ ನೀಲಿ ಬಣ್ಣ. ಮರಳು ಸರಿಸಿದರೆ ನೀರು ಕಂಡಂತಾಗುತ್ತದೆ. ಪಕ್ಕದ ಕಪಾಟಿನಲ್ಲಿ ಮನುಷ್ಯರು, ಪ್ರಾಣಿಗಳು, ಮನೆ, ಮರ, ವಾಹನ, ದೇವರು, ರಾಕ್ಷಸ ಹೀಗೆ ನೂರಾರು ಪುಟ್ಟ ಆಟಿಕೆಗಳು. ಮಗು ತನಗೆ ಬೇಕಾದುದನ್ನು ಆರಿಸಿ ಮರಳಿನಲ್ಲಿ ಜೋಡಿಸುತ್ತದೆ, ಹೂಳುತ್ತದೆ, ಕೆಡವುತ್ತದೆ. ಚಿಕಿತ್ಸಕರು ಹತ್ತಿರ ಕುಳಿತು ಗಮನಿಸುತ್ತಾರೆ. ಹೀಗೆ ಮಾಡು ಎನ್ನುವುದಿಲ್ಲ, ಇದರ ಅರ್ಥ ಇದು ಎಂದು ಆಗಲೇ ವಿವರಿಸುವುದೂ ಇಲ್ಲ. ಮಗು ಹೋದ ಮೇಲೆ ಫೋಟೊ ತೆಗೆದು, ನಂತರವೇ ಟ್ರೇ ಖಾಲಿ ಮಾಡುವುದು ರೂಢಿ. ತಾನು ಕಟ್ಟಿದ್ದನ್ನು ಬೇರೆಯವರು ಕೆಡವುವುದನ್ನು ಮಗು ನೋಡಬಾರದು.

ಇದರ ಮೂಲ ಲಂಡನ್. ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದ ಕೊನೆಯಲ್ಲಿ ತಮ್ಮ ಕ್ಲಿನಿಕ್‌ನಲ್ಲಿ ಮರಳು, ಆಟಿಕೆ ಇಟ್ಟಾಗ ಎರಡನ್ನೂ ಕೂಡಿಸಿ 'ಜಗತ್ತು' ಕಟ್ಟತೊಡಗಿದವರು ಮಕ್ಕಳೇ. ಎಚ್.ಜಿ. ವೆಲ್ಸ್ 1911ರಲ್ಲಿ ಬರೆದ 'ಫ್ಲೋರ್ ಗೇಮ್ಸ್' ಪುಸ್ತಕ ಅವರಿಗೆ ಪ್ರೇರಣೆಯಾಗಿತ್ತು. ಅವರಿಂದ ಕಲಿತ ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್, ಕಾರ್ಲ್ ಯೂಂಗ್ ಅವರ ಮನಶ್ಶಾಸ್ತ್ರದ ಆಧಾರದಲ್ಲಿ ಇದಕ್ಕೆ ಸ್ಯಾಂಡ್‌ಪ್ಲೇ ರೂಪ ಕೊಟ್ಟರು. 1985ರಲ್ಲಿ ಅಂತಾರಾಷ್ಟ್ರೀಯ ಸಂಘವೂ ಹುಟ್ಟಿತು.

ಮುಂಬೈಗೆ ಮಕ್ಕಳ ಮನಸ್ಸಿನ ಆರೈಕೆ ಹೊಸದಲ್ಲ. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ತೆರೆದದ್ದು ಇಲ್ಲೇ, 1937ರಲ್ಲಿ. ಆದರೆ ಮರಳಿನ ಟ್ರೇ ಕಾಣಸಿಗುವುದು ಹೆಚ್ಚಾಗಿ ಖಾಸಗಿ ಚಿಕಿತ್ಸಕರ ಬಳಿ. ಹೆಚ್ಚಿನ ಮನೆಗಳಿಗೆ ವಾರವಾರದ ಶುಲ್ಕವೇ ದೊಡ್ಡ ಅಡ್ಡಿ. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ಮೊದಲ ತಪಾಸಣೆ ಮಾಡಿಸಬಹುದು.

ಪಾಲಕರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಲೋಕಲ್ ರೈಲು ಹತ್ತುವ ಮೊದಲೇ 'ಇವತ್ತು ಏನು ಮಾಡಿದೆ? ಹಾವು ಯಾಕೆ ಇಟ್ಟೆ?' ಎಂಬ ವಿಚಾರಣೆ ಶುರುವಾಗುತ್ತದೆ. ಮನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ ಎಂದು ಗೊತ್ತಾದ ಮಗು ಮುಂದಿನ ವಾರ ಜಾಗರೂಕವಾಗಿ ಆಡುತ್ತದೆ. ಅಲ್ಲಿಗೆ ಆಟದ ಉದ್ದೇಶವೇ ಕೆಟ್ಟಂತೆ. ಪ್ರಗತಿ ಹೇಗಿದೆ ಎಂಬುದನ್ನು ಚಿಕಿತ್ಸಕರಲ್ಲಿ ಪ್ರತ್ಯೇಕವಾಗಿ ಕೇಳುವುದೇ ಸರಿ.

ಮರಳಿನ ಚಿತ್ರ ನೋಡಿ ರೋಗನಿರ್ಣಯ ಮಾಡುವಂತಿಲ್ಲ. ಅದು ದೌರ್ಜನ್ಯಕ್ಕೆ ಸಾಕ್ಷಿಯೂ ಅಲ್ಲ. ಈ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಹಲವು ಸಣ್ಣ ಪ್ರಮಾಣದವು ಎಂಬುದೂ ನೆನಪಿರಲಿ. ಆದರೆ ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡರೆ 2012ರ ಪೋಕ್ಸೊ ಕಾಯ್ದೆಯಂತೆ ಚಿಕಿತ್ಸಕರು ಪೊಲೀಸರಿಗೆ ತಿಳಿಸಲೇಬೇಕು. ಗೌಪ್ಯತೆ ಅಲ್ಲಿಗೆ ಮುಗಿಯುತ್ತದೆ.

ಟ್ರೇ, ಆಟಿಕೆ ಕೊಂಡವರೆಲ್ಲ ಚಿಕಿತ್ಸಕರಲ್ಲ. ಸ್ಯಾಂಡ್‌ಪ್ಲೇ ತರಬೇತಿ ಎಲ್ಲಿ ಪಡೆದಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರ ಭಾರತೀಯ ಪುನರ್ವಸತಿ ಮಂಡಳಿ ನೋಂದಣಿ ಸಂಖ್ಯೆ ನೋಡಿ. ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.