ಗುಸ್ತಾವ್ ಎರ್ನೆಸಾಕ್ಸ್: ವೃಂದಗಾನದಲ್ಲಿ ಉಳಿದ ದೇಶ

ಬಾಲ್ಟಿಕ್ ಸಮುದ್ರತೀರದ ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ಅಲ್ಲಿ ಐದು ವರ್ಷಗಳಿಗೊಮ್ಮೆ ನಡೆಯುವ ಗಾನೋತ್ಸವದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಕರು ಒಟ್ಟಾಗಿ ಹಾಡುತ್ತಾರೆ. 1869ರಲ್ಲಿ ತಾರ್ತು ನಗರದಲ್ಲಿ ಆರಂಭವಾದ ಈ ಪರಂಪರೆಯೊಂದಿಗೆ ಇಪ್ಪತ್ತನೆಯ ಶತಮಾನದಲ್ಲಿ ಬೇರ್ಪಡಿಸಲಾಗದಂತೆ ಬೆಸೆದುಕೊಂಡ ಹೆಸರು ಗುಸ್ತಾವ್ ಎರ್ನೆಸಾಕ್ಸ್ ಅವರದು.

ಎರ್ನೆಸಾಕ್ಸ್ 1908ರ ಡಿಸೆಂಬರ್ 12ರಂದು ಪೆರಿಲಾ ಎಂಬ ಹಳ್ಳಿಯಲ್ಲಿ ಜನಿಸಿದರು. ತಾಲಿನ್‌ನ ಸಂಗೀತ ವಿದ್ಯಾಲಯದಲ್ಲಿ ಮೊದಲು ಸಂಗೀತ ಬೋಧನೆಯನ್ನೂ ಬಳಿಕ ಆರ್ಥರ್ ಕಾಪ್ ಅವರಲ್ಲಿ ಸಂಯೋಜನೆಯನ್ನೂ ಅಭ್ಯಾಸ ಮಾಡಿದರು. 1944ರಲ್ಲಿ ಅವರು ಸ್ಥಾಪಿಸಿದ ಪುರುಷರ ವೃತ್ತಿಪರ ಗಾಯಕವೃಂದವು ಇಂದಿಗೂ ಎಸ್ಟೋನಿಯಾದ ರಾಷ್ಟ್ರೀಯ ಪುರುಷ ವೃಂದವೆಂದು ಪ್ರಸಿದ್ಧವಾಗಿದೆ. ಮೂರು ದಶಕಗಳ ಕಾಲ ಅವರೇ ಅದನ್ನು ಮುನ್ನಡೆಸಿದರು. 'ಪುಹಾಯರ್ವ್' ಮೊದಲಾದ ಒಪೆರಾಗಳನ್ನು ರಚಿಸಿದರೂ ಅವರ ಕೀರ್ತಿಗೆ ವೃಂದಗೀತೆಗಳೇ ಆಧಾರ.

ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಅನುಸರಿಸುತ್ತಾರೆ. ಯುರೋಪಿನ ವೃಂದಗಾನದಲ್ಲಾದರೋ ಪ್ರತಿಯೊಂದು ಗುಂಪಿಗೂ ಬೇರೆಯೇ ಸ್ವರಸಾಲು ಇರುತ್ತದೆ. ದೀರ್ಘ ಸ್ವರಗಳಲ್ಲಿ ಗಾಯಕರು ಸರದಿಯ ಮೇಲೆ ಉಸಿರೆಳೆದುಕೊಳ್ಳುತ್ತಾರೆ. ಯಾವ ಒಬ್ಬನ ಶ್ವಾಸಕೋಶಕ್ಕೂ ಸಾಧ್ಯವಾಗದಷ್ಟು ಕಾಲ ನಾದವು ಕಡಿಯದೆ ನಿಲ್ಲುತ್ತದೆ. ವೈದ್ಯನಾದ ನನ್ನನ್ನು ಈ ಕಲೆಯತ್ತ ಮೊದಲು ಸೆಳೆದದ್ದು ಈ ಸಂಗತಿಯೇ.

ಯುದ್ಧದ ನಡುವೆ, 1944ರಲ್ಲಿ, ಲಿಡಿಯಾ ಕೊಯ್ಡುಲಾ ಅವರ ದೇಶಪ್ರೇಮದ ಕವಿತೆಯೊಂದಕ್ಕೆ ಎರ್ನೆಸಾಕ್ಸ್ ಹೊಸ ರಾಗ ಸಂಯೋಜಿಸಿದರು. ಬೇರೊಬ್ಬರ ರಾಗದಲ್ಲಿ ಇದೇ ಕವಿತೆಯನ್ನು 1869ರ ಮೊದಲ ಉತ್ಸವದಲ್ಲಿಯೂ ಹಾಡಲಾಗಿತ್ತು. 1947ರ ಉತ್ಸವದಲ್ಲಿ ಹೊಸ ಗೀತೆ ಜನರ ಮನಸ್ಸಿನಲ್ಲಿ ನೆಲೆಯೂರಿತು. ಆದರೆ 1950ರ ಉತ್ಸವಕ್ಕೆ ಮುನ್ನ ತುಡುರ್ ವೆತಿಕ್, ರಿಹೋ ಪ್ಯಾಟ್ಸ್, ಆಲ್ಫ್ರೆಡ್ ಕರಿಂಡಿ ಎಂಬ ಹಿರಿಯ ನಿರ್ದೇಶಕರು ಬಂಧಿತರಾದರು. ಗೀತೆಯೂ ಕಾರ್ಯಕ್ರಮಪಟ್ಟಿಯಿಂದ ಮರೆಯಾಯಿತು. 1960ರಲ್ಲಿ ಜನರು ಅಪ್ಪಣೆಗೆ ಕಾಯದೆ ತಾವಾಗಿಯೇ ಅದನ್ನು ಹಾಡಿದರು. ಮುಂದೆ ಅಧಿಕಾರಸ್ಥರೇ ಅದಕ್ಕೆ ಮತ್ತೆ ಸ್ಥಾನ ಕೊಡಬೇಕಾಯಿತು.

ಇಲ್ಲೊಂದು ಕಠಿಣ ಪ್ರಶ್ನೆ ಏಳುತ್ತದೆ. ಸೋವಿಯತ್ ಎಸ್ಟೋನಿಯಾದ ಅಧಿಕೃತ ಗೀತೆಗೆ ರಾಗ ನೀಡಿದವರೂ ಎರ್ನೆಸಾಕ್ಸ್ ಅವರೇ. ಸ್ಟಾಲಿನ್ ಪ್ರಶಸ್ತಿ, ಲೆನಿನ್ ಪ್ರಶಸ್ತಿಗಳೂ ಅವರಿಗೆ ಸಂದವು. ಇದನ್ನು ಮುಚ್ಚಿಟ್ಟು ಅವರನ್ನು ಬರಿಯ ರಾಷ್ಟ್ರವೀರನನ್ನಾಗಿ ಚಿತ್ರಿಸುವುದು ಸರಿಯಲ್ಲ. ಇದೊಂದನ್ನೇ ಹಿಡಿದು ಅವರನ್ನು ಪ್ರಭುತ್ವದ ಸೇವಕನೆನ್ನುವುದೂ ನ್ಯಾಯವಲ್ಲ. ನನ್ನ ಅಭಿಪ್ರಾಯದಲ್ಲಿ, ಆಳುವವರೊಡನೆ ಮಾಡಿಕೊಂಡ ರಾಜಿಯು ಅವರನ್ನು ವೇದಿಕೆಯ ಮೇಲೆ ಉಳಿಸಿತು. ವೇದಿಕೆ ಉಳಿದುದರಿಂದ ತಾಯ್ನುಡಿಯಲ್ಲಿ ಒಟ್ಟಾಗಿ ಹಾಡುವ ರೂಢಿಯೂ ಉಳಿಯಿತು. ಆ ರಾಜಿಯ ಬೆಲೆಯನ್ನು ಅಳೆಯುವ ಹಕ್ಕು ಎಸ್ಟೋನಿಯಾದ ಜನರದು. ಅವರು ಎರ್ನೆಸಾಕ್ಸ್ ಅವರನ್ನು 'ಹಾಡಿನ ತಾತ' ಎಂದು ಕರೆದರು.

1988ರಲ್ಲಿ ತಾಲಿನ್‌ನ ಗಾನಮೈದಾನದಲ್ಲಿ ಅಪಾರ ಜನಸ್ತೋಮ ಸೇರಿ ಹಾಡಿತು. ಈ ಚಳವಳಿಯೇ 'ಹಾಡುವ ಕ್ರಾಂತಿ' ಎನಿಸಿತು. 1991ರ ಆಗಸ್ಟ್ 20ರಂದು ದೇಶವು ಮರಳಿ ಸ್ವಾತಂತ್ರ್ಯ ಘೋಷಿಸಿಕೊಂಡುದನ್ನು ಕಂಡ ಎರ್ನೆಸಾಕ್ಸ್ 1993ರ ಜನವರಿ 24ರಂದು ನಿಧನರಾದರು. 2004ರಲ್ಲಿ ಅದೇ ಮೈದಾನದಲ್ಲಿ ಅವರ ಕುಳಿತ ಭಂಗಿಯ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಒಮ್ಮೆ ಮರೆಯಾಗಿದ್ದ ಆ ಗೀತೆಯೊಂದಿಗೇ ಇಂದು ಉತ್ಸವ ಮುಕ್ತಾಯಗೊಳ್ಳುವುದು ವಾಡಿಕೆ.