ಉಗುರಿನ ಮೇಲಣ ಅಡ್ಡಗೆರೆ

ವಿಷಮಶೀತಜ್ವರದಂತಹ ಉಗ್ರವ್ಯಾಧಿಯಿಂದ ದೇಹವು ಬಳಲುವಾಗ, ಉಗುರಿನ ಬುಡದ ಚರ್ಮದ ಮಡಿಕೆಯ ಕೆಳಗೆ ಅಡಗಿರುವ ಅಂಕುರಸ್ಥಾನವು ತನ್ನ ಕಾರ್ಯದಲ್ಲಿ ಕೆಲಕಾಲ ಕುಂಠಿತವಾಗುವುದೆಂದೂ, ರೋಗವು ಶಮನವಾದ ತರುವಾಯ ಆ ಕೊರತೆಯೇ ಬೆರಳಿನಿಂದ ತಡವಿದರೆ ತಿಳಿಯುವಂತಹ ಅಡ್ಡತೋಡಾಗಿ ಹೊರಬಂದು ಮೆಲ್ಲಮೆಲ್ಲನೆ ತುದಿಯತ್ತ ಸರಿಯುವುದೆಂದೂ ಫ್ರಾನ್ಸ್ ದೇಶದ ವೈದ್ಯರಾದ ಜೋಸೆಫ್ ಬೋ ಅವರು 1846ರಲ್ಲಿ ಪ್ರತಿಪಾದಿಸಿದರು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುವುದರಿಂದ, ಬುಡದಿಂದ 6 ಮಿಲಿಮೀಟರ್ ದೂರದಲ್ಲಿರುವ ಗೆರೆಯು ಸುಮಾರು ಎರಡು ತಿಂಗಳ ಹಿಂದಣ ಸಂಕಟವನ್ನು ಸೂಚಿಸುತ್ತದೆ. ಯಾವ ಉಪಕರಣವೂ ಇಲ್ಲದೆ, ರೋಗಿಯು ಚಾಚಿದ ಕೈಯನ್ನು ನೋಡಿ ಗತಿಸಿದ ಕಾಯಿಲೆಯ ಕಾಲವನ್ನು ನಿರ್ಣಯಿಸುವ ಈ ಸೂಕ್ಷ್ಮದೃಷ್ಟಿಯು, ನನ್ನ ಮಟ್ಟಿಗೆ, ಆ ಶತಮಾನದ ವೈದ್ಯಕ್ಕೆ ಭೂಷಣಪ್ರಾಯವಾದುದು.

ಬೆಳವಣಿಗೆಯ ವೇಗವಾದರೋ ಸ್ಥಿರವಲ್ಲ. ಅಮೆರಿಕದ ವೈದ್ಯ ವಿಲಿಯಂ ಬೀನ್ ಅವರು ತಿಂಗಳಿಗೊಮ್ಮೆ ತಮ್ಮ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅರದಿಂದ ಒಂದು ಗೀರನ್ನು ಎಳೆದು, ಅದು ತುದಿ ಮುಟ್ಟುವ ದಿನವನ್ನು ಬರೆದಿಡುತ್ತ 35 ವರ್ಷಗಳನ್ನು ಕಳೆದರು. 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಇದ್ದ ಬೆಳವಣಿಗೆ 67ನೆಯ ವಯಸ್ಸಿಗೆ 0.095ಕ್ಕೆ ಇಳಿದಿತ್ತು. ಎಂತಹ ತಾಳ್ಮೆ!

ಉದ್ದಗೆರೆಗಳ ವಿಚಾರ ಬೇರೆ. ಅವು ಬಹುಮಟ್ಟಿಗೆ ವಯೋಧರ್ಮ. ನುಣುಪಾಗಿಸಲೆಂದು ಅರದಿಂದ ಉಜ್ಜಿದರೆ ಉಗುರು ತೆಳುವಾಗಿ ಸೀಳುವುದಲ್ಲದೆ ಬೇರೆ ಫಲವಿಲ್ಲ. ಕೈತೊಳೆದ ಬಳಿಕ ಬುಡಕ್ಕೆ ತುಸು ಕೊಬ್ಬರಿ ಎಣ್ಣೆಯನ್ನು ಸವರಿದರೆ ಸಾಕು. ಅಡ್ಡಗೆರೆಗಾದರೆ ಲೇಪನವೇ ಬೇಡ: ಕಾರಣವು ನಿವಾರಣೆಯಾಗಿದ್ದಲ್ಲಿ, ಸುಮಾರು ಆರು ತಿಂಗಳೊಳಗೆ ಅದು ತಾನಾಗಿಯೇ ತುದಿಗೆ ಬಂದು ಕತ್ತರಿಗೆ ಸಿಗುತ್ತದೆ.